ಚಿತ್ರ ಟಿವಿಗೆ ಹೋಯಿತು, ಧ್ವನಿ ಲ್ಯಾಪ್‌ಟಾಪಿನಲ್ಲೇ ಉಳಿಯಿತು

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ಅಪ್ಪಾಜಿಗೆ 78 ವರ್ಷ. ಹಿಂದುಸ್ತಾನಿ ಸಂಗೀತ ಅಂದರೆ ಜೀವ. ಅವರ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ನನ್ನ ತಮ್ಮ ಲ್ಯಾಪ್‌ಟಾಪಿಗೆ ಹಾಕಿ ಕೊಟ್ಟಿದ್ದಾನೆ. ಕೆಲವು ಕಛೇರಿಗಳ ವಿಡಿಯೊ ಕೂಡ ಇವೆ. ಲ್ಯಾಪ್‌ಟಾಪಿನ ಸಣ್ಣ ಧ್ವನಿ ಅವರಿಗೆ ಸಾಲುವುದಿಲ್ಲ, ಎಡಗಿವಿ ಬೇರೆ ಮಂದ. ಅದಕ್ಕೇ ಎಚ್‌ಡಿಎಂಐ ವೈರು ತಂದು ಟಿವಿಗೆ ಹಚ್ಚಿದೆವು. ಚಿತ್ರ ಚೆನ್ನಾಗಿ ಬರುತ್ತದೆ, ಧ್ವನಿ ಮಾತ್ರ ಲ್ಯಾಪ್‌ಟಾಪಿನಿಂದಲೇ ಬರುತ್ತದೆ. ಸೆಟ್‌ಟಾಪ್ ಬಾಕ್ಸ್ ಹಚ್ಚಿದರೆ ಟಿವಿಯಲ್ಲಿ ಧ್ವನಿ ಸರಿಯಾಗಿದೆ. ಮನೆಗೆ ಬಂದ ರಿಪೇರಿಯವರು ‘ಟಿವಿ ಬೋರ್ಡ್ ಹೋಗಿದೆ, ಬದಲಿಸಬೇಕು’ ಅಂದರು. ಕೆಂಪು-ಬಿಳಿ ಪಿನ್ನಿನ ಹಳೆಯ ಹೋಮ್ ಥಿಯೇಟರ್ ಒಂದಿದೆ. ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿದರೆ ಗುಂಯ್ ಅನ್ನುತ್ತದೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ. ಏನು ಮಾಡಬೇಕು?

ಉತ್ತರ: ಅಕ್ಕಾರೇ, ಮೊದಲು ಒಂದು ಮಾತು. ಬೋರ್ಡ್ ಬದಲಿಸಬೇಡಿ. ಯಾಕೆ ಬೇಡ ಅನ್ನುವುದು ನಿಮ್ಮ ಪ್ರಶ್ನೆಯಲ್ಲೇ ಇದೆ. ಸೆಟ್‌ಟಾಪ್ ಬಾಕ್ಸಿನ ಧ್ವನಿ ಟಿವಿಯಲ್ಲಿ ಬರುತ್ತದೆ ಅಂದಿರಿ. ಹಾಗಾದರೆ ಟಿವಿಯ ಸ್ಪೀಕರ್ ಸರಿ ಇದೆ. ಲ್ಯಾಪ್‌ಟಾಪಿನ ಚಿತ್ರ ಟಿವಿಯಲ್ಲಿ ಬರುತ್ತದೆ ಅಂದಿರಿ. ಹಾಗಾದರೆ ವೈರು, ಸಾಕೆಟ್ಟು ಎರಡೂ ಸರಿ. ಧ್ವನಿ ಲ್ಯಾಪ್‌ಟಾಪಿನಿಂದ ಬರುತ್ತಲೇ ಇದೆ. ಅಂದರೆ ಅದು ಎಲ್ಲೂ ಕಳೆದುಹೋಗಿಲ್ಲ. ಟಿವಿಗೆ ಹೋಗು ಎಂದು ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ.

ಹುಬ್ಬಳ್ಳಿ ಸ್ಟೇಷನ್ ನೆನಪು ಮಾಡಿಕೊಳ್ಳಿ. ಅಲ್ಲಿಂದ ಒಂದು ಹಳಿ ನಿಮ್ಮ ಗದಗಿನ ಕಡೆ ಬರುತ್ತದೆ, ಒಂದು ಹಾವೇರಿ ಮೇಲೆ ಬೆಂಗಳೂರಿಗೆ ಹೋಗುತ್ತದೆ, ಇನ್ನೊಂದು ಧಾರವಾಡದ ಕಡೆ. ಗದಗಿಗೆ ಹಳಿ ಇದೆ ಅಂದ ಮಾತ್ರಕ್ಕೆ ಎಲ್ಲ ಗಾಡಿಯೂ ಗದಗಿಗೆ ಬರುವುದಿಲ್ಲ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಆ ಕಡೆ ಹಾಕಬೇಕು. ನಿಮ್ಮ ಮನೆಯಲ್ಲಿ ಹಳಿ ಹಾಕಿದ್ದಾಗಿದೆ. ಪಾಯಿಂಟ್ ಮಾತ್ರ ಇನ್ನೂ ಲ್ಯಾಪ್‌ಟಾಪಿನ ಸ್ಪೀಕರ್ ಕಡೆಗೇ ಇದೆ.

ಈ ಪಾಯಿಂಟ್ ಲ್ಯಾಪ್‌ಟಾಪಿನಲ್ಲಿ ಬದಲಿಸಬೇಕು, ಟಿವಿಯಲ್ಲಿ ಅಲ್ಲ. ಪರದೆಯ ಕೆಳಗೆ ಬಲ ಮೂಲೆಯಲ್ಲಿ ಸ್ಪೀಕರ್ ಗುರುತು ಇರುತ್ತದೆ. ಅದನ್ನು ಒತ್ತಿ. ಧ್ವನಿ ಹೆಚ್ಚು-ಕಡಿಮೆ ಮಾಡುವ ಗೆರೆ ಬರುತ್ತದೆ. ಆ ಗೆರೆಯ ಬಲತುದಿಯಲ್ಲಿ ಒಂದು ಸಣ್ಣ ಗುರುತು ಇದೆ, ಅದನ್ನು ಒತ್ತಿದರೆ ಧ್ವನಿ ಎಲ್ಲೆಲ್ಲಿ ಹೋಗಬಹುದು ಎಂಬ ಪಟ್ಟಿ ತೆರೆಯುತ್ತದೆ. ಒಂದು ಲ್ಯಾಪ್‌ಟಾಪಿನ ಸ್ವಂತ ಸ್ಪೀಕರ್. ಇನ್ನೊಂದು ನಿಮ್ಮ ಟಿವಿಯ ಹೆಸರು. ಅದರ ಪಕ್ಕ ‘ಇಂಟೆಲ್ ಡಿಸ್‌ಪ್ಲೇ ಆಡಿಯೊ’ ಅಂತಲೋ, ‘ಎನ್‌ವಿಡಿಯಾ ಹೈ ಡೆಫಿನಿಷನ್ ಆಡಿಯೊ’ ಅಂತಲೋ ಬರೆದಿರುತ್ತದೆ. ಟಿವಿಯ ಹೆಸರು ಒತ್ತಿ. ಹತ್ತರಲ್ಲಿ ಎಂಟು-ಒಂಬತ್ತು ಮನೆಗಳಲ್ಲಿ ನಾನು ಮಾಡಿ ಕೊಟ್ಟಿದ್ದು ಇಷ್ಟನ್ನೇ. ವಿಂಡೋಸ್ ಕೀ, ಕಂಟ್ರೋಲ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೂ ಇದೇ ಪಟ್ಟಿ ಬರುತ್ತದೆ. ಅಪ್ಪಾಜಿಗೆ ಮೌಸ್ ಹಿಡಿಯುವುದು ಕಷ್ಟವಾದರೆ ಈ ದಾರಿ ಕಲಿಸಿ ಕೊಡಿ.

ಒಂದು ವೈರಿನಲ್ಲಿ ಎರಡೂ ಹೋಗಬೇಕಲ್ವಾ, ಮತ್ತೇಕೆ ಇದನ್ನು ಬೇರೆ ಹೇಳಬೇಕು ಎಂದು ಅನ್ನಿಸಬಹುದು. ಹೋಗುವುದು ನಿಜ. 2002ರ ಕೊನೆಗೆ ಎಚ್‌ಡಿಎಂಐ ಬಂದಾಗ ಅದರ ದೊಡ್ಡ ಅನುಕೂಲವೇ ಅದಾಗಿತ್ತು. ಅದಕ್ಕೂ ಮುಂಚಿನ ವಿಜಿಎ ವೈರು 1987ರದ್ದು, ನೀಲಿ ತಲೆ, 15 ಪಿನ್ನು. ಅದರಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿಗೆ ಜಾಗವೇ ಇಲ್ಲ. ಎಚ್‌ಡಿಎಂಐನಲ್ಲಿ ಧ್ವನಿಗೆಂದು ಬೇರೆ ತಂತಿ ಇಲ್ಲ. ಚಿತ್ರದ ಒಂದು ಗೆರೆಗೂ ಮತ್ತೊಂದಕ್ಕೂ ನಡುವೆ ಸಿಗುವ ಚೂರು ಬಿಡುವಿನಲ್ಲಿ, ಅದೇ ತಂತಿಯಲ್ಲಿ ಧ್ವನಿ ಸಾಗುತ್ತದೆ. ಅದಕ್ಕೇ ‘ಈ ವೈರಿನಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿಗೆ ಬೇರೆ ವೈರು ತಗೊಳ್ಳಿ’ ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಚಿತ್ರ ಸ್ವಚ್ಛವಾಗಿ ಬರುತ್ತಿದ್ದರೆ ವೈರಿನ ಮೇಲೆ ಅನುಮಾನ ಬೇಡ.

ಆದರೆ ಲ್ಯಾಪ್‌ಟಾಪಿನ ಒಳಗೆ ಧ್ವನಿಯ ಎರಡು ಬೇರೆ ಬೇರೆ ಬಾಗಿಲುಗಳಿವೆ. ಒಂದು ಅದರ ಸ್ಪೀಕರಿಗೂ ಇಯರ್‌ಫೋನ್ ತೂತಿಗೂ. ಇನ್ನೊಂದು ಚಿತ್ರ ತಯಾರಿಸುವ ಚಿಪ್ಪಿನಲ್ಲೇ ಸೇರಿಕೊಂಡಿದ್ದು, ಎಚ್‌ಡಿಎಂಐ ಕಡೆಗೆ. ವಿಂಡೋಸ್ ಇವೆರಡನ್ನೂ ಎರಡು ಯಂತ್ರವೆಂದೇ ಎಣಿಸುತ್ತದೆ. ವೈರು ಹಚ್ಚಿದ ಕೂಡಲೇ ಕೆಲವು ಸಲ ತಾನೇ ಟಿವಿ ಬಾಗಿಲು ತೆರೆಯುತ್ತದೆ, ಕೆಲವು ಸಲ ಇಲ್ಲ. ಒಮ್ಮೆ ನೀವು ಆರಿಸಿ ಕೊಟ್ಟರೆ ಮುಂದಿನ ಸಲ ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುತ್ತದೆ. ವೈರು ತೆಗೆದರೆ ಧ್ವನಿ ಮತ್ತೆ ಲ್ಯಾಪ್‌ಟಾಪಿಗೆ ಬರುತ್ತದೆ.

ಪಟ್ಟಿಯಲ್ಲಿ ಟಿವಿಯ ಹೆಸರೇ ಇಲ್ಲ ಅಂದರೆ? ಮೊದಲು ವಿಂಡೋಸ್ ಕೀ ಜೊತೆ ಪಿ ಒತ್ತಿ. ಬರುವ ನಾಲ್ಕರಲ್ಲಿ ‘ಡೂಪ್ಲಿಕೇಟ್’ ಆರಿಸಿ. ‘ಪಿಸಿ ಸ್ಕ್ರೀನ್ ಓನ್ಲಿ’ ಎಂದಿದ್ದರೆ ಟಿವಿಗೆ ಚಿತ್ರವೂ ಇಲ್ಲ, ಧ್ವನಿಯೂ ಇಲ್ಲ. ಈಗ ಹೇಳಿದೆನಲ್ಲ, ಚಿತ್ರದ ಬಿಡುವಿನಲ್ಲಿ ಧ್ವನಿ ಸಾಗುತ್ತದೆ ಎಂದು. ಚಿತ್ರವೇ ಹೋಗದಿದ್ದರೆ ಧ್ವನಿಗೆ ಸವಾರಿ ಎಲ್ಲಿ?

ಆಗಲೂ ಹೆಸರು ಬರದಿದ್ದರೆ ಎರಡನ್ನೂ ಬಂದ್ ಮಾಡಿ. ಟಿವಿ ಮೊದಲು ಹಚ್ಚಿ, ಅದರಲ್ಲಿ ವೈರು ಸೇರಿಸಿದ ಎಚ್‌ಡಿಎಂಐ ನಂಬರ್ ಆರಿಸಿ, ಆಮೇಲೆ ಲ್ಯಾಪ್‌ಟಾಪ್ ಹಚ್ಚಿ. ಇದು ಮಂತ್ರವಲ್ಲ, ಕಾರಣ ಇದೆ. ವೈರು ಸೇರಿದ ಗಳಿಗೆಯಲ್ಲಿ ಟಿವಿ ಲ್ಯಾಪ್‌ಟಾಪಿಗೆ ತನ್ನ ಪರಿಚಯ ಹೇಳುತ್ತದೆ: ನನ್ನ ಹೆಸರು ಇದು, ನನ್ನ ಪರದೆ ಇಷ್ಟು, ನಾನು ಇಂಥ ಇಂಥ ಧ್ವನಿ ನುಡಿಸಬಲ್ಲೆ. ಆ ಪರಿಚಯ ಅರ್ಧಕ್ಕೆ ನಿಂತರೆ, ಇದು ಚಿತ್ರ ಮಾತ್ರ ತೋರಿಸುವ ಮಾನಿಟರ್ ಇರಬೇಕು ಎಂದು ಲ್ಯಾಪ್‌ಟಾಪ್ ತಿಳಿದುಕೊಳ್ಳುತ್ತದೆ. ಟಿವಿ ಪೂರ್ತಿ ಎದ್ದು ಕೂತ ಮೇಲೆ ಪರಿಚಯವಾದರೆ ಈ ತಪ್ಪು ಆಗುವುದಿಲ್ಲ. ಹಳೆಯ ಕೆಲವು ಟಿವಿಗಳಲ್ಲಿ ಒಂದು ಸಾಕೆಟ್ಟಿನ ಮೇಲೆ ‘ಎಚ್‌ಡಿಎಂಐ/ಡಿವಿಐ’ ಎಂದು ಬರೆದಿರುತ್ತದೆ. ಡಿವಿಐ ಎಂದರೆ ಸಾಮಾನ್ಯವಾಗಿ ಚಿತ್ರಕ್ಕೆ ಮಾತ್ರ ಬಳಸುವ ಹಳೆಯ ಜೋಡಣೆ. ಅಲ್ಲಿಂದ ತೆಗೆದು ಬೇರೆ ಸಾಕೆಟ್ಟಿಗೆ ಹಾಕಿ ನೋಡಿ. ಸೆಟ್‌ಟಾಪ್ ಬಾಕ್ಸ್ ಕೂಡ ಎಚ್‌ಡಿಎಂಐನಲ್ಲೇ ಇದ್ದರೆ ಅದು ಕೂತಿರುವ ಜಾಗಕ್ಕೇ ಲ್ಯಾಪ್‌ಟಾಪ್ ವೈರು ಹಾಕಿ. ಅಲ್ಲಿ ಧ್ವನಿ ಬರುವುದು ಗ್ಯಾರಂಟಿ ಇದೆಯಲ್ಲ, ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇನ್ನೊಂದು ಜಾಗ ನೋಡಬೇಕು. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಂ, ಅದರಲ್ಲಿ ಸೌಂಡ್. ಕೆಳಗೆ ಹೋದರೆ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಸಿಗುತ್ತದೆ. ಹಳೆಯ ಕಾಲದ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ‘ಪ್ಲೇಬ್ಯಾಕ್’ ಪಟ್ಟಿಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ ‘ಶೋ ಡಿಸೇಬಲ್ಡ್ ಡಿವೈಸಸ್’ ಆರಿಸಿ. ಯಾರೋ ಯಾವಾಗಲೋ ಟಿವಿ ಬಾಗಿಲಿಗೆ ಬೀಗ ಹಾಕಿದ್ದರೆ ಅದು ಮಸುಕಾಗಿ ಕಾಣುತ್ತದೆ. ಅದರ ಮೇಲೆ ಬಲಗುಂಡಿ ಒತ್ತಿ ‘ಎನೇಬಲ್’ ಮಾಡಿ, ಆಮೇಲೆ ‘ಸೆಟ್ ಡಿಫಾಲ್ಟ್’. ಇಲ್ಲೂ ಸಿಗದಿದ್ದರೆ ಉಳಿದಿದ್ದು ಡ್ರೈವರ್, ಅಂದರೆ ಒಳಗಿನ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ನಿಮ್ಮ ಮಾಡೆಲಿನ ಗ್ರಾಫಿಕ್ಸ್ ಡ್ರೈವರ್ ಇಳಿಸಿ ಹಾಕಬೇಕು. ಸೌಂಡ್ ಡ್ರೈವರ್ ಅಷ್ಟೇ ಹಾಕಿದರೆ ಸಾಲದು, ಎಚ್‌ಡಿಎಂಐ ಬಾಗಿಲು ಗ್ರಾಫಿಕ್ಸ್ ಕಡೆ ಇದೆ ಎಂದು ಹೇಳಿದೆನಲ್ಲ. ತಮ್ಮನಿಗೆ ಈ ಕೆಲಸ ಒಪ್ಪಿಸಿ.

ಟಿವಿ ಆರಿಸಿದ ಮೇಲೂ ಒಂದು ಆ್ಯಪ್ ಮಾತ್ರ ಹಟ ಮಾಡುವುದುಂಟು. ವಿಎಲ್‌ಸಿ ಪ್ಲೇಯರ್ ಆದರೆ ಅದರ ‘ಆಡಿಯೊ’ ಮೆನುವಿನಲ್ಲಿ ‘ಆಡಿಯೊ ಡಿವೈಸ್’ ಬೇರೆಯೇ ಇದೆ, ಅಲ್ಲಿ ನೋಡಿ. ಬ್ರೌಸರ್ ಆದರೆ ಮುಚ್ಚಿ ತೆರೆಯಿರಿ. ಸೌಂಡ್ ಸೆಟ್ಟಿಂಗಿನ ‘ವಾಲ್ಯೂಮ್ ಮಿಕ್ಸರ್’ನಲ್ಲಿ ಒಂದೊಂದು ಆ್ಯಪಿಗೂ ಒಂದೊಂದು ಬಾಗಿಲು ಗೊತ್ತು ಮಾಡಬಹುದು. ಅಪ್ಪಾಜಿಯ ಸಂಗೀತ ಟಿವಿಗೆ, ನಡುವೆ ಟಣ್ ಎನ್ನುವ ಮೇಲ್ ಸದ್ದು ಲ್ಯಾಪ್‌ಟಾಪಿಗೆ. ಇದನ್ನು ದಯವಿಟ್ಟು ಮಾಡಿ ಕೊಡಿ. ನಿಧಾನ ಲಯದ ಆಲಾಪದ ನಡುವೆ ಆ ಟಣ್ ಬಂದರೆ ಕೇಳುವವರ ಜೀವಕ್ಕೆ ಎಷ್ಟು ಹಿಂಸೆ ಎಂದು ನನಗೆ ಗೊತ್ತು. ಬ್ಲೂಟೂತ್ ಇಯರ್‌ಫೋನ್ ಯಾರದಾದರೂ ಜೋಡಿಯಾಗಿದ್ದರೆ ಧ್ವನಿ ಅದಕ್ಕೆ ಹೋಗಿರಬಹುದು, ಅದನ್ನೂ ನೋಡಿ.

ಇಷ್ಟಾದರೆ ಟಿವಿಯಲ್ಲಿ ಧ್ವನಿ ಬರುತ್ತದೆ. ಬರೀ ಸುದ್ದಿ ನೋಡುವವರಾಗಿದ್ದರೆ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ನಿಮ್ಮ ಮನೆಯಲ್ಲಿ ಕೇಳುವುದು ಸಂಗೀತ. ನಾನು ಹುಬ್ಬಳ್ಳಿ-ಧಾರವಾಡದ ಸಭಾಂಗಣಗಳಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಮೈಕು-ಸ್ಪೀಕರ್ ಹೊಂದಿಸುತ್ತ ಬೆಳೆದವನು. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಜಿಲ್ಲೆ ನಿಮ್ಮದು. ಪುಟ್ಟರಾಜ ಗವಾಯಿಗಳು ಕಲಿಸಿದ ವೀರೇಶ್ವರ ಪುಣ್ಯಾಶ್ರಮ ನಿಮ್ಮ ಊರಲ್ಲೇ ಇದೆ. ಅಂಥ ಊರಿನ ಹಿರಿಯರು ಸಂಗೀತವನ್ನು ಅರ್ಧಂಬರ್ಧ ಕೇಳಬಾರದು. ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಈಗಿನ ತೆಳು ಟಿವಿಗಳ ಸ್ಪೀಕರ್ ಬಹಳ ಸಣ್ಣದು. ಮುಖ ಕೆಳಗೋ ಹಿಂದಕ್ಕೋ ಇರುತ್ತದೆ. ಮಾತು ಕೇಳಲು ಸಾಕು. ಆದರೆ ಕಾಳಿ ಒಂದರಲ್ಲಿ (ಪೇಟಿಯ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವವರ ಷಡ್ಜ, ಅಂದರೆ ‘ಸಾ’, ಸೆಕೆಂಡಿಗೆ ಸುಮಾರು 139 ಕಂಪನ. ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿ ಅದರ ಅರ್ಧ, ಸುಮಾರು 69. ಅಷ್ಟು ಕೆಳಗಿನ ನಾದ ಆ ಪುಟ್ಟ ಸ್ಪೀಕರಿನಿಂದ ಹೊರಡುವುದು ಕಷ್ಟ. ತಂಬೂರಿ ಬರೀ ಟಿಂಗ್ ಟಿಂಗ್ ಎಂದು ಕೇಳುತ್ತದೆ, ಅದರ ತುಂಬು ಝೇಂಕಾರ ಹೋಗುತ್ತದೆ. ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ ಇದೆಯೋ ಇಲ್ಲವೋ ಎನ್ನುವ ಹಾಗೆ ಆಗುತ್ತದೆ. ಅದಕ್ಕೇ ನಿಮ್ಮ ಹಳೆಯ ಹೋಮ್ ಥಿಯೇಟರನ್ನು ಗುಜರಿಗೆ ಹಾಕಬೇಡಿ. ಹಳೆಯದಾದರೂ ಅದರ ಸ್ಪೀಕರ್ ಡಬ್ಬಿ ದೊಡ್ಡದು. ಸಂಗೀತಕ್ಕೆ ಟಿವಿಗಿಂತ ಅದೇ ಮೇಲು.

ಜೋಡಿಸಲು ಎರಡು ದಾರಿ. ಒಂದು, ಲ್ಯಾಪ್‌ಟಾಪಿನಿಂದ ಟಿವಿಗೆ ಎಚ್‌ಡಿಎಂಐ, ಟಿವಿಯ ಇಯರ್‌ಫೋನ್ ತೂತಿನಿಂದ ಹೋಮ್ ಥಿಯೇಟರಿನ ಆಕ್ಸ್‌ಗೆ (ಹೊರಗಿನ ಧ್ವನಿ ಒಳತರುವ ಸಾಕೆಟ್ಟಿಗೆ) ಇನ್ನೊಂದು ವೈರು. ಒಂದು ತುದಿಗೆ 3.5 ಎಂಎಂ ಪಿನ್ನು, ಇನ್ನೊಂದು ತುದಿಗೆ ಕೆಂಪು-ಬಿಳಿ ಪಿನ್ನು ಇರುವ ವೈರು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನನಗೆ ಈ ದಾರಿಯೇ ಇಷ್ಟ. ಸೆಟ್‌ಟಾಪ್ ಬಾಕ್ಸಿನ ಧ್ವನಿಯೂ ಹೋಮ್ ಥಿಯೇಟರಿನಲ್ಲೇ ಬರುತ್ತದೆ, ಪದೇ ಪದೇ ಪಿನ್ನು ಬದಲಿಸಬೇಕಿಲ್ಲ. ಪಿನ್ನು ಹಾಕಿದ ಕೂಡಲೇ ಟಿವಿಯ ಸ್ವಂತ ಸ್ಪೀಕರ್ ಸುಮ್ಮನಾಗುತ್ತದೆ, ಗಾಬರಿ ಬೇಡ. ಲ್ಯಾಪ್‌ಟಾಪಿನ ವಾಲ್ಯೂಮ್ ಪೂರ್ತಿ ಇಡಿ, ಟಿವಿಯದನ್ನು ಮುಕ್ಕಾಲು ಭಾಗದಲ್ಲಿ ಇಡಿ, ಆಮೇಲೆ ಹೆಚ್ಚು-ಕಡಿಮೆ ಎಲ್ಲ ಹೋಮ್ ಥಿಯೇಟರಿನಲ್ಲೇ ಮಾಡಿ. ಮೂರು ಕಡೆಯೂ ತಿರುಗಿಸುತ್ತ ಕೂತರೆ ಎಲ್ಲಿ ಕಡಿಮೆಯಾಗಿದೆ ಎಂದೇ ತಿಳಿಯುವುದಿಲ್ಲ. ಮೊದಲ ಯಂತ್ರದಲ್ಲಿ ಕಡಿಮೆ ಇಟ್ಟು ಕೊನೆಯದರಲ್ಲಿ ಎತ್ತಿದರೆ ಸುಯ್ ಎನ್ನುವ ಸದ್ದೂ ಜೊತೆಗೆ ಎದ್ದು ಬರುತ್ತದೆ.

ಇನ್ನೊಂದು ದಾರಿ ನೀವು ಮಾಡಿದ್ದು, ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ನೇರ ಹೋಮ್ ಥಿಯೇಟರಿಗೆ. ಪರದೆ ಬೇಕಾಗಿಲ್ಲ, ಬರೀ ಕ್ಯಾಸೆಟ್ಟಿನ ಹಾಡು ಕೇಳಬೇಕು ಅಂದರೆ ಇದು ಒಳ್ಳೆಯದು. ಟಿವಿ ಹಚ್ಚುವುದೇ ಬೇಡ. ಆಗ ಪಟ್ಟಿಯಲ್ಲಿ ಸ್ಪೀಕರ್ ಅಥವಾ ಹೆಡ್‌ಫೋನ್ ಎಂದೇ ಇರಬೇಕು, ಟಿವಿ ಅಲ್ಲ.

ನಿಮ್ಮ ಹೋಮ್ ಥಿಯೇಟರಿಗಿಂತ ಹೊಸ ಸೌಂಡ್‌ಬಾರ್ ಇರುವವರಿಗೆ ಒಂದು ಮಾತು. ಟಿವಿಯಲ್ಲಿ ‘ಎಆರ್‌ಸಿ’ ಎಂದು ಬರೆದ ಎಚ್‌ಡಿಎಂಐ ಸಾಕೆಟ್ಟಿಗೇ ಸೌಂಡ್‌ಬಾರ್ ಸೇರಿಸಿ, ಲ್ಯಾಪ್‌ಟಾಪನ್ನು ಉಳಿದ ಸಾಕೆಟ್ಟಿಗೆ ಹಾಕಿ. ಟಿವಿಯ ಧ್ವನಿಯನ್ನು ಎಚ್‌ಡಿಎಂಐ ವೈರಿನಲ್ಲೇ ಸೌಂಡ್‌ಬಾರಿಗೆ ಕಳಿಸುವ ಈ ಸೌಲಭ್ಯ 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ ಇದೆ. ಟಿವಿಯ ಸೌಂಡ್ ಮೆನುವಿನಲ್ಲಿ ‘ಪಿಸಿಎಂ’, ಅಂದರೆ ಸಾದಾ ಡಿಜಿಟಲ್ ಧ್ವನಿ, ಆರಿಸಿದರೆ ಜಗಳ ಕಡಿಮೆ.

ಈಗ ಆ ಗುಂಯ್ ಸದ್ದಿಗೆ ಬರೋಣ. ‘ತಂಬೂರಿ ಜೋಡಿ ಇನ್ನೊಂದು ಏನೋ ನುಡಿಯಾಕತ್ತೈತ್ರಿ’ ಎಂದು ಧಾರವಾಡದ ಒಬ್ಬ ಅಜ್ಜಾರು ನನಗೆ ಹೇಳಿದ್ದರು. ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಚಕ್ರ ಸುತ್ತುವಂಥದ್ದು. ಅದು ಧ್ವನಿಯೊಳಗೆ ನುಸುಳಿದರೆ 50, 100ರ ಮಟ್ಟದಲ್ಲಿ ಗುಂಯ್‌ಗುಡುತ್ತದೆ. ಈ 50 ಆ 69ಕ್ಕೂ ಸೇರುವುದಿಲ್ಲ, 139ಕ್ಕೂ ಸೇರುವುದಿಲ್ಲ. ಶ್ರುತಿ ಗೊತ್ತಿರುವವರಿಗೆ ಅದು ಬರೀ ಸದ್ದಲ್ಲ, ಅಪಶ್ರುತಿ.

ಎಲ್ಲಿಂದ ಬರುತ್ತಿದೆ ಎಂದು ಹಿಡಿಯುವುದು ಸುಲಭ. ಒಂದೊಂದಾಗಿ ಬಿಚ್ಚುತ್ತ ಹೋಗಬೇಕು. ಹಾಡು ನಿಲ್ಲಿಸಿ, ಗುಂಯ್ ಮಾತ್ರ ಕೇಳಲಿ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆಯಿರಿ, ಬ್ಯಾಟರಿಯ ಮೇಲೆ ಓಡಲಿ. ಸದ್ದು ನಿಂತಿತೇ? ಬಹಳ ಮನೆಗಳಲ್ಲಿ ಇಲ್ಲೇ ನಿಲ್ಲುತ್ತದೆ. ಚಾರ್ಜರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಹೋಮ್ ಥಿಯೇಟರ್ ಇನ್ನೊಂದರಲ್ಲಿ ಇರುತ್ತದೆ. ಎರಡರ ಅರ್ಥಿಂಗ್ ಮಟ್ಟ ಬೇರೆ ಬೇರೆಯಾಗಿ, ಆ ವ್ಯತ್ಯಾಸ ಆಡಿಯೊ ವೈರಿನ ಮೂಲಕ ಹರಿಯುತ್ತದೆ. ಅದೇ ಗುಂಯ್. ನಿಲ್ಲದಿದ್ದರೆ ಟಿವಿಯ ಕೇಬಲ್ ಅಥವಾ ಡಿಶ್ ವೈರು ಬಿಚ್ಚಿ ನೋಡಿ. ಮಾಳಿಗೆಯ ಮೇಲಿಂದ ಬರುವ ಆ ವೈರಿನದೂ ಇದೇ ಕಥೆ. ಎಲ್ಲ ಬಿಚ್ಚಿ, ಆಕ್ಸ್ ಪಿನ್ನನ್ನೂ ಪೂರ್ತಿ ತೆಗೆದ ಮೇಲೂ ಗುಂಯ್ ಇದ್ದರೆ ತಪ್ಪು ಹೋಮ್ ಥಿಯೇಟರಿನ ಒಳಗೇ ಇದೆ. ಅದರ ಪವರ್ ಭಾಗದ ದೊಡ್ಡ ಕೆಪ್ಯಾಸಿಟರ್ ವರ್ಷಗಳು ಕಳೆದ ಹಾಗೆ ಒಣಗುತ್ತದೆ. ಬದಲಿಸಬಹುದಾದ ಸಣ್ಣ ಭಾಗ ಅದು. ನೀವೇ ಬಿಚ್ಚಬೇಡಿ, ಪಿನ್ನು ತೆಗೆದ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ. ಕೆಲಸ ಗೊತ್ತಿದ್ದವರಿಂದ ಮಾಡಿಸಿ.

ಚಾರ್ಜರಿನದೇ ತೊಂದರೆ ಆದರೆ ಮೊದಲು ಟಿವಿ, ಲ್ಯಾಪ್‌ಟಾಪ್, ಹೋಮ್ ಥಿಯೇಟರ್ ಮೂರನ್ನೂ ಅರ್ಥಿಂಗ್ ಇರುವ ಒಂದೇ ಸಾಕೆಟ್ಟಿನಿಂದ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕೊಡಿ. ಆಗಲೂ ಉಳಿದರೆ ಗ್ರೌಂಡ್ ಲೂಪ್ ಐಸೋಲೇಟರ್ ಎಂಬ ಹೆಬ್ಬೆರಳಿನಷ್ಟು ಸಾಮಾನು ಸಿಗುತ್ತದೆ. ಕಾರ್ ಆಡಿಯೊ ಅಂಗಡಿಯಲ್ಲಿ ಕೇಳಿ. ಆಡಿಯೊ ವೈರಿನ ನಡುವೆ ಅದನ್ನು ಸೇರಿಸಿದರೆ ಧ್ವನಿ ದಾಟುತ್ತದೆ, ಗುಂಯ್ ದಾಟುವುದಿಲ್ಲ. ಕೆಲವರು ಚಾರ್ಜರಿನ ಮೂರನೇ ದಪ್ಪ ಪಿನ್ನನ್ನು ಮುರಿದು ಗುಂಯ್ ನಿಲ್ಲಿಸಿ ಕೊಡುತ್ತಾರೆ. ಯಾರೇ ಹೇಳಲಿ, ಅದನ್ನು ಮಾತ್ರ ಮಾಡಬೇಡಿ. ಆ ಪಿನ್ನು ನಿಮ್ಮ ಜೀವ ಕಾಯಲು ಇರುವುದು. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಸಣ್ಣಗೆ ಜುಂ ಅನ್ನಿಸುತ್ತಿದ್ದರೆ ಮನೆಯ ಅರ್ಥಿಂಗ್ ಸರಿ ಇಲ್ಲ ಅಂತಲೇ ಅನುಮಾನ ಪಡಿ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ಹಿಂದೆ ವೈರೇ ಇರುವುದಿಲ್ಲ. ಒಬ್ಬ ಒಳ್ಳೆಯ ವೈರ್‌ಮನ್ ಕರೆಸಿ ತೋರಿಸಿ.

ಇದರ ಜೊತೆಗೇ ಇನ್ನೊಂದು. ಎಚ್‌ಡಿಎಂಐ ಪಿನ್ನು ಹಾಕುವಾಗ, ತೆಗೆಯುವಾಗ ಚಾರ್ಜರ್ ತೆಗೆದಿಡಿ, ಟಿವಿ ಗೋಡೆಯ ಸ್ವಿಚ್ಚಿನಲ್ಲೇ ಬಂದ್ ಇರಲಿ. ಸಭಾಂಗಣವೊಂದರಲ್ಲಿ ಅವಸರ ಮಾಡಿ, ಡಿಶ್ ವೈರು ಇದ್ದ ಟಿವಿಗೆ ಚಾಲೂ ಇರುವಾಗಲೇ ಲ್ಯಾಪ್‌ಟಾಪ್ ಹಚ್ಚಲು ಹೋಗಿ ಒಂದು ಸಾಕೆಟ್ ಸುಟ್ಟುಕೊಂಡಿದ್ದೇನೆ. ಚಟ್ ಎಂದು ಒಂದು ಕಿಡಿ, ಅಷ್ಟೇ. ಆ ಸಾಕೆಟ್ ಮತ್ತೆ ಏಳಲಿಲ್ಲ. ಬೇಸಿಗೆಯ ಅಡ್ಡಮಳೆಯಲ್ಲಿ ಗುಡುಗು ಶುರುವಾದರೆ ಸಂಗೀತ ಎಷ್ಟೇ ಚೆನ್ನಾಗಿ ಏರಿದ್ದರೂ ನಿಲ್ಲಿಸಿ. ಡಿಶ್ ವೈರು, ಕರೆಂಟಿನ ಪಿನ್ನು, ಎಚ್‌ಡಿಎಂಐ ಎಲ್ಲ ತೆಗೆದುಬಿಡಿ. ಸಿಡಿಲಿನ ಹೊಡೆತ ಕೇಬಲ್ ವೈರಿನಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಲ್ಯಾಪ್‌ಟಾಪಿಗೂ ಬರಬಹುದು. ಅಪ್ಪಾಜಿಯ ಕ್ಯಾಸೆಟ್‌ಗಳೆಲ್ಲ ಅದರಲ್ಲಿವೆ. ಒಂದು ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಮಾಡಿ ಬೇರೆ ಕಪಾಟಿನಲ್ಲಿ ಇಡಲು ತಮ್ಮನಿಗೆ ಇವತ್ತೇ ಹೇಳಿ.

ಜೋಡಣೆ ಮುಗಿದ ಮೇಲೆ ಧ್ವನಿಯ ಹದ. ಟಿವಿಯ ಸೌಂಡ್ ಮೆನುವಿನಲ್ಲಿ ‘ಸ್ಟ್ಯಾಂಡರ್ಡ್’ ಅಥವಾ ‘ಮ್ಯೂಸಿಕ್’ ಇಡಿ. ‘ಸರೌಂಡ್’ ಬಂದ್ ಮಾಡಿ. ‘ಆಟೊ ವಾಲ್ಯೂಮ್’ ಎಂಬುದು ಇದ್ದರೆ ಖಂಡಿತ ಬಂದ್ ಮಾಡಿ. ಜಾಹೀರಾತು ಜೋರಾಗಿ ಬಂದರೆ ತಗ್ಗಿಸಲು ಮಾಡಿದ್ದು ಅದು. ಸಂಗೀತದಲ್ಲಿ ಅದು ತಿರುವುಮುರುವು ಕೆಲಸ ಮಾಡುತ್ತದೆ. ಗಾಯಕರು ಮೆಲ್ಲಗೆ ಮಂದ್ರದಲ್ಲಿ ಇಳಿದಾಗ ತಂಬೂರಿಯನ್ನು ಎತ್ತುತ್ತದೆ. ತಾನ್ ಏರಿದಾಗ ಕಂಠವನ್ನು ಅದುಮುತ್ತದೆ. ಹಾಡುವವರು ಕಷ್ಟಪಟ್ಟು ಕಟ್ಟಿದ ಏರಿಳಿತವೆಲ್ಲ ಸಪಾಟಾಗುತ್ತದೆ. ಲ್ಯಾಪ್‌ಟಾಪಿನಲ್ಲೂ ಸೌಂಡ್ ಸೆಟ್ಟಿಂಗ್ಸ್ ಒಳಗೆ ಟಿವಿಯ ಹೆಸರು ಒತ್ತಿದರೆ ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಸಿಗುತ್ತದೆ, ಅದನ್ನು ‘ಆಫ್’ ಮಾಡಿ. ಹೋಮ್ ಥಿಯೇಟರ್ ಐದು ಸ್ಪೀಕರಿನದಾದರೆ ಬರೀ ಸ್ಟೀರಿಯೊದಲ್ಲಿ ಇಡಿ. ಸಬ್‌ವೂಫರ್ ತಗ್ಗಿಸಿ. ಡಗ್ಗಾದ ಗುಮಕ ಕೇಳಬೇಕು, ಕಿಟಕಿ ಅದುರಬಾರದು. ಎರಡು ಸ್ಪೀಕರನ್ನೂ ಅಪ್ಪಾಜಿ ಕೂರುವ ಕುರ್ಚಿಯ ಕಿವಿಯ ಎತ್ತರಕ್ಕೆ ಇಟ್ಟು ಅವರ ಕಡೆ ತಿರುಗಿಸಿ. ಶೋಕೇಸಿನ ಒಳಗೆ ತುರುಕಿದರೆ ಎಲ್ಲ ಶ್ರಮ ವ್ಯರ್ಥ.

ವಿಡಿಯೊ ನೋಡುವಾಗ ತಬಲಾ ಹೊಡೆತ ಮೊದಲು ಕೇಳಿ, ಕೈ ಆಮೇಲೆ ಬಿದ್ದಂತೆ ಕಂಡರೆ, ಟಿವಿ ಚಿತ್ರ ತಿದ್ದಲು ಸಮಯ ತೆಗೆದುಕೊಳ್ಳುತ್ತಿದೆ ಎಂದರ್ಥ. ಲ್ಯಾಪ್‌ಟಾಪಿನಿಂದ ನೇರ ಹೋಮ್ ಥಿಯೇಟರಿಗೆ ಹಾಕಿದಾಗ ಇದು ಜಾಸ್ತಿ. ಟಿವಿಯಲ್ಲಿ ‘ಗೇಮ್ ಮೋಡ್’ ಅಥವಾ ‘ಪಿಸಿ ಮೋಡ್’ ಹಾಕಿ. ವಿಎಲ್‌ಸಿಯಲ್ಲಿ ಕೆ ಅಕ್ಷರ ಒಮ್ಮೆ ಒತ್ತಿದರೆ ಧ್ವನಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಹಿಂದೆ ಸರಿಯುತ್ತದೆ, ಜೆ ಒತ್ತಿದರೆ ಮುಂದೆ ಬರುತ್ತದೆ. ಸಮ್ (ತಾಳದ ಮೊದಲ ಹೊಡೆತ) ಬೀಳುವ ಜಾಗ ನೋಡಿಕೊಂಡು ಹೊಂದಿಸಿ, ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ. ವೈರಿಲ್ಲದೆ ಟಿವಿಗೆ ಚಿತ್ರ ಕಳಿಸುವುದೂ ಆಗುತ್ತದೆ, ವಿಂಡೋಸ್ ಕೀ ಜೊತೆ ಕೆ. ಆದರೆ ಧ್ವನಿ ತಡವಾಗುತ್ತದೆ, ನಡುನಡುವೆ ಕಡಿಯುತ್ತದೆ. ಸಂಗೀತಕ್ಕೆ ವೈರೇ ಇರಲಿ.

ಲ್ಯಾಪ್‌ಟಾಪ್ ಮುಚ್ಚಿದರೆ ಅದು ಮಲಗುತ್ತದೆ, ಹಾಡೂ ನಿಲ್ಲುತ್ತದೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ‘ಡೂ ನಥಿಂಗ್’ ಎಂದು ಇಟ್ಟರೆ ಮುಚ್ಚಿಟ್ಟೇ ಕೇಳಬಹುದು. ಗಾಳಿ ಆಡುವ ಜಾಗದಲ್ಲಿ ಇಡಿ, ಹಾಸಿಗೆಯ ಮೇಲೆ ಬೇಡ.

ಕೊನೆಗೆ ಅಪ್ಪಾಜಿಯ ಎಡಗಿವಿ. ಇದು ಚಿಕ್ಕ ಕೆಲಸ, ಆದರೆ ಅವರಿಗೆ ಬಹಳ ದೊಡ್ಡದು. ಸ್ಟೀರಿಯೊ ಧ್ವನಿಮುದ್ರಣದಲ್ಲಿ ಪೇಟಿ (ಹಾರ್ಮೋನಿಯಂ) ಒಂದು ಕಡೆ, ತಬಲಾ ಒಂದು ಕಡೆ ಇಟ್ಟಿರುತ್ತಾರೆ. ಎಡಗಡೆಯದ್ದು ಅವರಿಗೆ ಪೂರ್ತಿ ಮುಟ್ಟುವುದಿಲ್ಲ. ಕ್ಯಾಸೆಟ್‌ನಿಂದ ಇಳಿಸಿದ ಹಾಡುಗಳಲ್ಲಿ ಇನ್ನೊಂದು ತೊಂದರೆ ಇದೆ. ಇಳಿಸುವಾಗ ಒಂದು ಪಿನ್ನು ಸಡಿಲವಿದ್ದರೆ ಧ್ವನಿ ಒಂದೇ ಕಡೆ ಮುದ್ರಣವಾಗಿರುತ್ತದೆ. ಅದು ಎಡಗಡೆಯೇ ಆಗಿದ್ದರೆ, ಅವರು ಇಷ್ಟು ದಿನ ‘ಕ್ಯಾಸೆಟ್ ಹಾಳಾಗಿದೆ’ ಎಂದುಕೊಂಡಿರಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸಿಬಿಲಿಟಿ’, ಅದರಲ್ಲಿ ‘ಆಡಿಯೊ’, ಅಲ್ಲಿ ‘ಮೊನೊ ಆಡಿಯೊ’ ಚಾಲೂ ಮಾಡಿ. ಎಡ-ಬಲ ಎರಡೂ ಬೆರೆತು ಎರಡು ಸ್ಪೀಕರಿನಲ್ಲೂ ಒಂದೇ ಧ್ವನಿ ಬರುತ್ತದೆ. ಹಳೆಯ ಧ್ವನಿಮುದ್ರಣಗಳು ಬಹಳಷ್ಟು ಮೊನೊದಲ್ಲೇ ಇರುವುದರಿಂದ ಅವುಗಳಿಗೆ ಏನೂ ನಷ್ಟವಿಲ್ಲ. ಕುರ್ಚಿಯನ್ನು ಅವರ ಬಲಗಿವಿ ಸ್ಪೀಕರಿಗೆ ಹತ್ತಿರವಾಗುವ ಹಾಗೆ ಸ್ವಲ್ಪ ತಿರುಗಿಸಿ. ಮೊದಲು ತಂಬೂರಿ ಮಾತ್ರ ಇರುವ ಆಲಾಪವೊಂದನ್ನು ಹಚ್ಚಿ, ಖರ್ಜ ಕೇಳುತ್ತಿದೆಯೇ ಎಂದು ಅವರನ್ನೇ ಕೇಳಿ. ಅವರು ಹೌದು ಎನ್ನುವವರೆಗೆ ವಾಲ್ಯೂಮ್ ಮುಟ್ಟಬೇಡಿ, ಕುರ್ಚಿಯನ್ನೂ ಸ್ಪೀಕರನ್ನೂ ಸರಿಸುತ್ತ ಹೋಗಿ.